ಅರ್ಧಕ್ಕೆ ನಿಂತ ಕೈಮಾತು

ಗಾಳಿಯಲ್ಲೇ ಇಂಟರ್ನೆಟ್ ಕಳಿಸುವ ಆ ಸಣ್ಣ ಕಂಪನಿಯಲ್ಲಿ ಅವಳಿಗೆ ಏಣಿ ಅಕ್ಕ ಎಂದೇ ಹೆಸರು. ಗಿರಾಕಿಗಳ ಮನೆಯ ತಾರಸಿ ಹತ್ತಿ ಡಿಶ್ ಕೂರಿಸುವುದು, ಅಲ್ಲಿಂದ ಕೇಬಲ್ ಇಳಿಸಿ ಒಳಗೆ ಸ್ವಿಚ್ ಪೆಟ್ಟಿಗೆಗೆ ಸೇರಿಸುವುದು, ಆ ಪೆಟ್ಟಿಗೆಯಿಂದ ಕೋಣೆ ಕೋಣೆಗೂ ಸಂಪರ್ಕ ಹಂಚುವುದು ಅವಳ ಕೆಲಸ. ವ್ಯಾನಿನ ಮೇಲಿನ ಏಣಿಯನ್ನು ಇಳಿಸುವವಳೂ ಅವಳೇ, ಗೋಡೆಗೆ ಒರಗಿಸುವವಳೂ ಅವಳೇ. ಬೇರೆಯವರು ಕೈ ಹಾಕಿದರೆ ಕಣ್ಣಲ್ಲೇ ಗದರುತ್ತಿದ್ದಳು. "ಬಿದ್ರೆ ಮುರಿಯೋದು ನನ್ನ ಸೊಂಟ ತಾನೆ? ಇಡೋದೂ ನಾನೇ ಇಡ್ತೀನಿ," ಅನ್ನುತ್ತಿದ್ದಳು.

ಜೊತೆಗಾರ ಗೊಣಗಣ್ಣ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ವ್ಯಾನ್ ಓಡಿಸುವುದು, ಗೋಡೆಗೆ ಡ್ರಿಲ್ ಹಾಕುವುದು, ಕೆಳಗೆ ಕೂತು ಸಿಗ್ನಲ್ ನೋಡಿ ಹೇಳುವುದು ಅವನ ಪಾಲು. ಬಿಸಿಲು ಬಂದರೆ ಬಿಸಿಲಿಗೆ, ಮೋಡ ಬಂದರೆ ಮೋಡಕ್ಕೆ ಗೊಣಗುವುದು ಮಾತ್ರ ಯಾರೂ ಹೇಳದೆ ಅವನೇ ಮೈಮೇಲೆ ಎಳೆದುಕೊಂಡ ಕೆಲಸ.

ಆ ಬೆಳಿಗ್ಗೆ ಅವರು ಹೋದದ್ದು ತಗ್ಗಿನಲ್ಲಿದ್ದ ಒಂದು ಹೊಲಿಗೆ ಮನೆಗೆ. ರಸ್ತೆ ಮೇಲೆಯೇ ಮುಗಿದು ಅಲ್ಲಿಂದ ಕಲ್ಲು ಮೆಟ್ಟಿಲುಗಳಲ್ಲಿ ಇಳಿಯಬೇಕಿತ್ತು. ಮನೆಯ ಎದುರಿಗೇ ಹಳೆಯ ಇಟ್ಟಿಗೆ ಗೋದಾಮೊಂದು ಕುಂಭಕರ್ಣನ ಹಾಗೆ ಅಡ್ಡ ಮಲಗಿತ್ತು. ಮೊಬೈಲ್ ಸಿಗ್ನಲ್ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲೇ ಪ್ರಾಣ ಬಿಡುತ್ತಿತ್ತು.

ಬಾಗಿಲಲ್ಲಿ ತಲೆಗೂದಲಲ್ಲೆಲ್ಲ ಮರದ ಹೊಟ್ಟು ಮೆತ್ತಿಕೊಂಡ ಒಬ್ಬ ಬಡಗಿ ನಿಂತಿದ್ದ. "ಬನ್ನಿ ಬನ್ನಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾ ಇದೀವಿ," ಎಂದು ಒಳಗೆ ಕರೆದ. ಅವನ ಹಿಂದೆ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ ಐವತ್ತು ದಾಟಿದ ಹೆಂಗಸು ನಿಂತಿದ್ದಳು. ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿದ್ದವು.

"ಇವರು ನಮ್ಮ ಅತ್ತಿಗೆ. ಬೀದಿಯವರೆಲ್ಲ ಟೈಲರಮ್ಮ ಅಂತಾರೆ. ಮನೆನೂ ಇವರದ್ದೇ, ಹೊಲಿಗೆನೂ ಇವರದ್ದೇ. ಹುಟ್ಟಿದಾಗಿಂದ ಕಿವಿ ಕೇಳಿಸಲ್ಲ. ಏನಿದ್ರೂ ನಂಗೆ ಹೇಳಿ, ನಾನು ಕೈಯಲ್ಲಿ ಹೇಳ್ತೀನಿ."

ಒಳಕೋಣೆಯಲ್ಲಿ ನಾಲ್ವರು ಹೆಂಗಸರು ಮೆಷಿನ್ ತುಳಿಯುತ್ತಿದ್ದರು. ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಒಬ್ಬಳು ಏನೋ ಕೈಯಾಡಿಸಿದಳು, ಉಳಿದ ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಯ ಒಂದು ಗಾಜು ಸಡಿಲವಾಗಿ ಪಟಪಟ ಬಡಿದುಕೊಳ್ಳುತ್ತಿತ್ತು. ಅದರಿಂದ ತಲೆನೋವು ಬಂದದ್ದು ಗೊಣಗಣ್ಣನೊಬ್ಬನಿಗೇ. ಆ ಹೆಂಗಸರು ತನ್ನನ್ನೇ ನೋಡಿ ನಕ್ಕರೆಂಬ ಗುಮಾನಿಯೂ ಅವನಿಗೆ ಹತ್ತಿಕೊಂಡಿತು.

ಏಣಿ ಅಕ್ಕ ಎಲ್ಲೆಲ್ಲಿಗೆ ತಂತಿ ಬೇಕೆಂದು ನೋಡಿಕೊಂಡಳು. ಮನೆಯೊಳಗೆ ಕೋಣೆಗಳ ನಡುವಿನ ಓಣಿಯ ಗೋಡೆಗೆ ಸ್ವಿಚ್ ಪೆಟ್ಟಿಗೆ. ಅಲ್ಲಿಂದ ಒಂದು ಕೇಬಲ್ ಹಿಂದಿನ ಕತ್ತರಿಸುವ ಕೋಣೆಯ ಕಂಪ್ಯೂಟರಿಗೆ, ಒಂದು ಮುಂದಿನ ಕೋಣೆಗೆ, ಇನ್ನೊಂದು ಮೇಲಿನ ವೈಫೈ ಪೆಟ್ಟಿಗೆಗೆ. ಗಿರಾಕಿಗಳು ಅಳತೆ, ನಮೂನೆಗಳನ್ನು ಕಂಪ್ಯೂಟರಿನಲ್ಲೇ ತೋರಿಸಲಿ ಎಂದು ಟೈಲರಮ್ಮ ತಿಂಗಳ ಹಿಂದೆಯೇ ಹೇಳಿಟ್ಟಿದ್ದಳು. ಆದರೆ ಇವತ್ತಿನ ಅವಸರ ಅದಕ್ಕಲ್ಲ ಎಂದು ಬಡಗಿ, ಗೋಡೆಗೆ ಗುರುತು ಹಾಕುತ್ತಿದ್ದ ಏಣಿ ಅಕ್ಕನ ಪಕ್ಕ ನಿಂತು ಮೆಲ್ಲಗೆ ಹೇಳಿದ.

"ಅಣ್ಣನ ಮಗಳು ದೂರದ ಊರಲ್ಲಿದಾಳೆ. ರೈಲಲ್ಲಿ ಎರಡು ದಿನದ ದಾರಿ. ಹೆರಿಗೆಗೆ ಇನ್ನೂ ಒಂದೂವರೆ ತಿಂಗಳು ಇತ್ತು, ಅತ್ತಿಗೆ ಅಷ್ಟೊತ್ತಿಗೆ ಹೋಗೋದು ಅಂತಿತ್ತು. ಮೊನ್ನೆನೇ ಹೆರಿಗೆ ಆಗ್ಬಿಟ್ಟಿದೆ. ಗಂಡು ಮಗು. ಗಾಜಿನ ಪೆಟ್ಟಿಗೇಲಿ ಇಟ್ಟಿದಾರಂತೆ, ಉಸಿರಿಗೆ ನಳಿಗೆ ಹಾಕಿದಾರಂತೆ. ಅತ್ತಿಗೆಗೆ ಟಿಕೆಟ್ ಸಿಕ್ಕಿದ್ದು ನಾಡಿದ್ದಿಗೆ."

"ಮೇಲೆ ರಸ್ತೇಲಿ ಫೋನ್ ಸಿಗತ್ತಲ್ಲ?"

"ಮಾತು ಸಿಗತ್ತೆ, ಚಿತ್ರ ಬರಲ್ಲ. ಅಳಿಯ ಮೆಸೇಜ್ ಕಳಿಸಿದ್ದ, ಎಲ್ಲ ಸರಿಯಾಗತ್ತೆ, ಚಿಂತೆ ಮಾಡ್ಬೇಡಿ ಅಂತ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅತ್ತಿಗೆ ಅದನ್ನ ಓದಿ ಫೋನ್ ಮಗುಚಿ ಇಟ್ರು. ಆ ಮಾತನ್ನ ಅವರು ಹಿಂದೆ ಒಂದು ಸಲ ನಂಬಿದ್ರು."

ಬಡಗಿ ತಲೆಯ ಹೊಟ್ಟು ಕೊಡವಿಕೊಂಡ.

"ಅಣ್ಣ ಆಸ್ಪತ್ರೇಲಿ ತೀರ್ಕೊಂಡಾಗ ಡಾಕ್ಟ್ರು ನಮಗೆ ಹೇಳಿದ್ರು. ಅತ್ತಿಗೆಗೆ ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ, ನನಗೆ ಕೈ ಬರ್ಲಿಲ್ಲ. ಚೆನ್ನಾಗಿದಾನೆ, ಮಲಗಿದಾನೆ ಅಂತ ಕೈಯಾಡಿಸಿದೆ. ಕೊನೆಗೆ ನಿಜ ಹೇಳಿದ್ದು ಮಗಳು. ಆಗ ಅವಳಿಗೆ ಹತ್ತು ವರ್ಷ. ಆವತ್ತು ಅತ್ತಿಗೆ ನನಗೆ ಒಂದೇ ಮಾತು ಹೇಳಿದ್ರು: ಬಾಯಿ ಸುಳ್ಳಾಡತ್ತೆ ಅಂತ ಗೊತ್ತಿತ್ತು, ಕೈನೂ ಸುಳ್ಳಾಡತ್ತೆ ಅಂತ ಗೊತ್ತಿರ್ಲಿಲ್ಲ. ಈಗ ಮಗಳ ಕೈ ಕಣ್ಣಾರೆ ನೋಡೋ ತನಕ ಅವರು ನಂಬಲ್ಲ. ಊಟನೂ ಇಲ್ಲ, ನಿದ್ದೆನೂ ಇಲ್ಲ."

ಹಾಕು, ಪರೀಕ್ಷೆ ಮಾಡು, ಹೊರಡು. ಗಿರಾಕಿಗಳ ಮನೆಯ ಸುಖದುಃಖಕ್ಕೆ ತಲೆ ಹಾಕಬೇಡ. ಇದು ಏಣಿ ಅಕ್ಕ ಇಷ್ಟು ವರ್ಷ ಪಾಲಿಸಿಕೊಂಡು ಬಂದ ನೇಮ. ಅವಳು ಏಣಿ ಎತ್ತಿಕೊಂಡಳು.

ತಾರಸಿಯ ಮೇಲೆ ಗಾಳಿ ಎಂಬುದು ಗಾಳಿ. ನೀರಿನ ತೊಟ್ಟಿಯ ಪಕ್ಕದ ಮೋಟುಗೋಡೆಗೆ ಕಬ್ಬಿಣದ ಕಂಬ ಬಿಗಿದು, ಗೋದಾಮಿನ ಹೆಂಚಿನ ಮೇಲಿಂದ ದೂರದ ಗುಡ್ಡದ ಗೋಪುರ ಒಂದು ಬೆರಳಗಲ ಕಾಣುವಂತೆ ಡಿಶ್ ಏರಿಸಿದಳು. ಇನ್ನು ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಗೋಪುರದ ಕಣ್ಣಿಗೆ ಕಣ್ಣು ಸೇರಿಸಬೇಕು. ಗೊಣಗಣ್ಣ ಕೆಳಗೆ ಕಿಟಕಿಯ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿಗ್ನಲ್ ಏರಿತೇ ಇಳಿಯಿತೇ ಎಂದು ಕೂಗಿ ಹೇಳುತ್ತಿದ್ದ. ಒಂದಕ್ಷರವೂ ಮೇಲೆ ಮುಟ್ಟುತ್ತಿರಲಿಲ್ಲ. ಅವನು ಎಡಕ್ಕೆ ಎಂದರೆ ಇವಳು ಬಲಕ್ಕೆ ತಿರುಗಿಸುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು.

ಇದನ್ನು ನೋಡುತ್ತಿದ್ದ ಟೈಲರಮ್ಮ ಹೊರಗೆ ಬಂದು ಅಂಗಳದ ನಡುವೆ ನಿಂತಳು. ಅಲ್ಲಿಗೆ ಕಿಟಕಿಯೊಳಗಿನ ಗೊಣಗಣ್ಣನೂ ಕಾಣುತ್ತಿದ್ದ, ತಾರಸಿಯ ಏಣಿ ಅಕ್ಕನೂ ಕಾಣುತ್ತಿದ್ದಳು. ಬಡಗಿ ಕಿಟಕಿಯ ಬಳಿ ನಿಂತು ಗೊಣಗಣ್ಣನ ಮಾತನ್ನು ಅವಳಿಗೆ ದಾಟಿಸಿದ. ಅವಳು ಅಂಗೈ ಎಡಕ್ಕೆ ವಾಲಿಸಿದಳು: ಎಡಕ್ಕೆ. ಹೆಬ್ಬೆರಳು ತೋರುಬೆರಳು ಕೂಡಿಸಿದಳು: ಚೂರೇ ಚೂರು. ಏಣಿ ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗೊಣಗಣ್ಣನ ಹತ್ತು ಮಾತಿನಲ್ಲಿ ಒಂಬತ್ತು ಗೊಣಗಾಟ. ಈ ಕೈಯಲ್ಲಿ ಬೇಕಾದ ಒಂದು ಮಾತಷ್ಟೇ ಇತ್ತು. ಸ್ವಲ್ಪ ಹೊತ್ತಿಗೆ ಟೈಲರಮ್ಮ ಕೈ ಮೇಲೆತ್ತಿ ಮುಷ್ಟಿ ಕಟ್ಟಿದಳು. ಸಾಕು, ನಿಲ್ಲಿಸು. ಏಣಿ ಅಕ್ಕ ನಟ್ಟು ಬಿಗಿದಳು.

"ಇಷ್ಟು ಬೇಗ ಯಾವ ಮನೇಲೂ ಆಗಿರ್ಲಿಲ್ಲ," ಎಂದ ಗೊಣಗಣ್ಣ, ಅದಕ್ಕೂ ಬೇಜಾರಾದವನ ಹಾಗೆ.

ಓಣಿಯಲ್ಲಿ ಸ್ವಿಚ್ ಪೆಟ್ಟಿಗೆ ಹಾಕಿ, ಕತ್ತರಿಸುವ ಕೋಣೆಯವರೆಗೆ ನೆಲದಂಚಿನಲ್ಲಿ ಕೇಬಲ್ ಹಾಸಿ, ಎರಡೂ ತುದಿಗೆ ಪಿನ್ ಕೂರಿಸಿದ್ದಾಯಿತು. ಗೋಡೆಯುದ್ದಕ್ಕೂ ಕ್ಲಿಪ್ ಹೊಡೆದು ಕೇಬಲನ್ನು ಭದ್ರ ಮಾಡುವುದು ಬಾಕಿ ಇತ್ತು. ಹಾಗೆ ಭದ್ರ ಮಾಡದ ತಂತಿಗೆ ಸಂಪರ್ಕ ಕೊಡಬಾರದು ಎನ್ನುವುದು ಅವಳದ್ದೇ ಕಟ್ಟಪ್ಪಣೆ. ಆದರೆ ಬಡಗಿ, "ಇದೊಂದು ಈಗಲೇ ಕೊಟ್ರೆ ಆಗಲ್ವಾ? ಉಳಿದದ್ದು ನಿಧಾನಕ್ಕೆ ಮಾಡಿ," ಅಂದ. ಟೈಲರಮ್ಮ ಏಣಿ ಅಕ್ಕನ ಕೈಗಳನ್ನೇ ನೋಡುತ್ತ ನಿಂತಿದ್ದಳು. ಏಣಿ ಅಕ್ಕ ಹಿಡಿದಿದ್ದ ಸುತ್ತಿಗೆಯನ್ನು ಕೆಳಗಿಟ್ಟು ಪಿನ್ನನ್ನು ಸ್ವಿಚ್ಚಿಗೆ ಚುಚ್ಚಿದಳು. ಹಸಿರು ದೀಪ ಮಿನುಗಿತು.

ಬಡಗಿ ಮೆಟ್ಟಿಲು ಹತ್ತಿ ಹೋಗಿ ಅಳಿಯನಿಗೆ ಫೋನು ಮಾಡಿ ಏದುಸಿರು ಬಿಡುತ್ತ ಬಂದ. ಅಷ್ಟರಲ್ಲಿ ಮೆಷಿನ್ ನಿಲ್ಲಿಸಿ ನಾಲ್ವರೂ ಹೆಂಗಸರು ಕತ್ತರಿಸುವ ಕೋಣೆಗೆ ನುಗ್ಗಿದ್ದರು. ಜಾಗ ಸಾಲದೆ, ಕಬ್ಬಿಣದ ಕಾಲಿನ ದೊಡ್ಡ ಮೇಜನ್ನು ಎಲ್ಲರೂ ಸೇರಿ ಗೋಡೆಯ ಕಡೆ ತಳ್ಳಿದರು. ಟೈಲರಮ್ಮ ಕಂಪ್ಯೂಟರಿನ ಮುಂದೆ ಕೂತಳು.

ತೆರೆಯ ಮೇಲೆ ಮಗಳು ಬಂದಳು. ಆಸ್ಪತ್ರೆಯ ಮಂಚ, ಹಿಂದೆ ಬಿಳಿ ಪರದೆ, ಕೆದರಿದ ಕೂದಲು. ತಾಯಿಯ ಎರಡೂ ಕೈ ಏನೋ ಕೇಳಿದವು. ಮಗಳು ಕೈ ಎತ್ತಿದಳು. ತೋಳಲ್ಲಿ ಮಗುವನ್ನು ತೂಗಿದ ಹಾಗೆ ಮಾಡಿದಳು. ಎದೆಯ ಮೇಲೆ ಅಂಗೈ ಇಟ್ಟು ಮೇಲೆ ಕೆಳಗೆ ಆಡಿಸಿದಳು. ಅಲ್ಲಿಗೆ ಚಿತ್ರ ಒಮ್ಮೆ ಕುಪ್ಪಳಿಸಿತು, ಮುಖವೆಲ್ಲ ಚೌಕ ಚೌಕವಾಗಿ ಒಡೆಯಿತು, ನಿಂತೇ ಬಿಟ್ಟಿತು. ನಿಂತ ಚಿತ್ರದಲ್ಲಿ ಮುಖ ತಿಳಿಯುತ್ತಿರಲಿಲ್ಲ. ಮೇಲೆತ್ತಿದ ಕೈ ಮಾತ್ರ ಸ್ಪಷ್ಟವಾಗಿತ್ತು. ಅದು ಮುಷ್ಟಿ ಕಟ್ಟಿತ್ತು.

ಮಗು. ಉಸಿರು. ಮುಷ್ಟಿ.

ಬೆಳಿಗ್ಗೆ ತಾರಸಿಯ ಮೇಲೆ ಕಲಿತ ಮಾತು ಏಣಿ ಅಕ್ಕನ ಎದೆಗೆ ಗುದ್ದಿದಂತೆ ಬಂತು. ಸಾಕು, ನಿಲ್ಲಿಸು. ನಿಂತಿತು.

ಟೈಲರಮ್ಮ ಅಳಲಿಲ್ಲ, ಅಲುಗಲಿಲ್ಲ. ಬಡಗಿ ಅವಳ ಮುಂದೆ ಬಗ್ಗಿ, ಅಲ್ಲ, ಇರಿ, ಅದಲ್ಲ ಎಂದು ಅವಸರವಸರವಾಗಿ ಕೈಯಾಡಿಸಿದ. ಅವಳು ಅವನ ಕೈಗಳನ್ನು ಪಕ್ಕಕ್ಕೆ ಸರಿಸಿದಳು. ಅವನ ಕೈ ಅವಳಿಗೆ ಬೇಕಿರಲಿಲ್ಲ.

"ಗೊಣಗಣ್ಣ, ಮೇಲೆ ಹೋಗಿ ಕಂಬ ನೋಡು," ಎಂದಳು ಏಣಿ ಅಕ್ಕ. ಬೇರೆ ದಿನವಾಗಿದ್ದರೆ ಅವನು ಮೊಣಕಾಲು ನೋವಿನ ಇಡೀ ಚರಿತ್ರೆ ಹೇಳುತ್ತಿದ್ದ. ಈಗ ತುಟಿ ಬಿಚ್ಚದೆ ಅವಳ ಏಣಿಯನ್ನೇ ಹತ್ತಿ ಓಡಿದ. ಅವಳೂ ಅದನ್ನು ಗಮನಿಸಲಿಲ್ಲ. ಓಣಿಗೆ ಬಂದು ಸ್ವಿಚ್ ನೋಡಿದಳು. ಡಿಶ್ಶಿನಿಂದ ಬಂದ ತಂತಿಯ ದೀಪ ಹಸಿರಾಗಿ ಮಿನುಗುತ್ತಿತ್ತು. ಹಾಗಾದರೆ ಮೇಲೆ ತೊಂದರೆಯಿಲ್ಲ. ಕತ್ತರಿಸುವ ಕೋಣೆಗೆ ಹೋದ ತಂತಿಯ ದೀಪ ಆರಿಹೋಗಿತ್ತು.

ಅವಳು ನೆಲಕ್ಕೆ ಮಂಡಿಯೂರಿ ಕೇಬಲಿನ ಗುಂಟ ಬೆರಳಾಡಿಸುತ್ತ ಕೋಣೆಯೊಳಗೆ ಬಂದಳು. ಗೋಡೆಗೆ ತಳ್ಳಿದ ಮೇಜಿನ ಕಬ್ಬಿಣದ ಕಾಲು ಸರಿಯಾಗಿ ಕೇಬಲಿನ ಮೇಲೆ ಕೂತಿತ್ತು. ಎತ್ತಿಸಿ ನೋಡಿದರೆ ತಂತಿ ಅಪ್ಪಚ್ಚಿಯಾಗಿ ಒಳಗಿನ ತಾಮ್ರ ಹೊರಗೆ ಇಣುಕುತ್ತಿತ್ತು.

ಕ್ಲಿಪ್ ಹೊಡೆದಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಆ ಯೋಚನೆಗೆ ಈಗ ಹೊತ್ತಿರಲಿಲ್ಲ.

ಗೊಣಗಣ್ಣ ಇಳಿದು ಬಂದ. "ಕಂಬ ಕಲ್ಲಿನ ಹಾಗಿದೆ ಅಕ್ಕ. ತಂತಿನಾ? ಹೊಸದು ಎಳೀಬೇಕು. ವ್ಯಾನಿಂದ ಸುರುಳಿ ತರ್ಬೇಕು, ಎರಡು ಕಡೆ ಪಿನ್ ಕೂರಿಸ್ಬೇಕು. ಸಿದ್ಧ ತಂತಿ ಇರೋದೆಲ್ಲ ಮೊಳದುದ್ದದ್ದು." ಅವನು ಮೆಟ್ಟಿಲುಗಳ ಕಡೆ ನೋಡಿದ. ಅಷ್ಟು ಮೆಟ್ಟಿಲು ಹತ್ತಿ ಇಳಿಯುವ ತನಕ ಆ ಹೆಂಗಸು ಆ ಮುಷ್ಟಿಯ ಮುಂದೆ ಹೇಗೆ ಕೂತಿರಬೇಕು?

ಏಣಿ ಅಕ್ಕ ಚೀಲದಿಂದ ಮೊಳದುದ್ದದ ತಂತಿ ತೆಗೆದಳು. "ತಂತಿ ಕಂಪ್ಯೂಟರ್ ಹತ್ರ ಹೋಗದಿದ್ರೆ, ಕಂಪ್ಯೂಟರೇ ತಂತಿ ಹತ್ರ ಬರ್ಲಿ. ಹೊರ್ರಿ."

ಬಡಗಿ ಹೆಂಗಸರಿಗೆ ಕೈಯಲ್ಲಿ ಹೇಳಿ ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಒಬ್ಬಳು ತೆರೆ ಎತ್ತಿದಳು, ಇಬ್ಬರು ಪೆಟ್ಟಿಗೆ, ಇನ್ನೊಬ್ಬಳು ಕ್ಯಾಮೆರಾ, ಮೌಸು, ಕೀಲಿಮಣೆಗಳನ್ನು ಮಡಿಲಲ್ಲಿ ತುಂಬಿಕೊಂಡಳು. ಮದುವೆ ಮನೆಯ ಸಾಮಾನು ಸಾಗಿಸುವ ಹಾಗೆ ಎಲ್ಲವೂ ಓಣಿಗೆ ಬಂದವು. ಚಪ್ಪಲಿ ಇಡುವ ಗೂಡಿನ ಮೇಲೆ ತೆರೆ ನಿಂತಿತು. ಗೊಣಗಣ್ಣ ಸ್ವಿಚ್ಚಿನ ಪಕ್ಕದ ಪ್ಲಗ್ಗಿನಿಂದ ಕರೆಂಟು ಕೊಟ್ಟ. ಟೈಲರಮ್ಮ ಬರಲಿಲ್ಲ. ತೆರೆ ಎತ್ತಿಕೊಂಡು ಹೋದ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಳು. ಏಣಿ ಅಕ್ಕ ಹೋಗಿ ಅವಳ ಭುಜ ಹಿಡಿದು ಎಬ್ಬಿಸಿ, ಕರೆತಂದು ಮಹಡಿಯ ಮೊದಲ ಮೆಟ್ಟಿಲ ಮೇಲೆ ಕೂರಿಸಿದಳು. ಮಾತು ಗೊತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದಳು: ಚೂರೇ ಚೂರು. ಇನ್ನು ಚೂರೇ ಚೂರು.

ಕಂಪ್ಯೂಟರ್ ಏಳಲು ತೆಗೆದುಕೊಂಡ ಹೊತ್ತು ಒಂದು ಯುಗ. ಅದು ತನ್ನ ಪಾಡಿಗೆ ನಿಧಾನವಾಗಿ ಚಕ್ರ ತಿರುಗಿಸುತ್ತಿತ್ತು. ಗೊಣಗಣ್ಣ ಅದನ್ನು ಬಾಯಿಗೆ ಬಂದ ಹಾಗೆ ಬೈದ. ಜೀವನದಲ್ಲಿ ಮೊದಲ ಸಲ ಅವನ ಗೊಣಗಾಟ ಏಣಿ ಅಕ್ಕನಿಗೆ ಹಿತವಾಗಿ ಕೇಳಿಸಿತು.

ಕೊನೆಗೂ ತೆರೆ ಬೆಳಗಿತು. ಬಡಗಿ ಕರೆ ಮಾಡಿದ. ಅತ್ತಲಿಂದ ಕಾಯುತ್ತಲೇ ಇದ್ದವರ ಹಾಗೆ ತಕ್ಷಣ ಎತ್ತಿದರು. ಮಗಳು ಗಾಬರಿಯಲ್ಲಿದ್ದಳು. ಈ ಸಲ ಮುಖ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳವಾಗಿತ್ತು. ತಾಯಿಯ ಮುಖ ನೋಡಿದ್ದೇ ಅವಳಿಗೆ ಏನಾಗಿದೆಯೆಂದು ಹೊಳೆಯಿತು. ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿ, ಮೊದಲಿನಿಂದ, ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

ತೋಳಲ್ಲಿ ತೂಗಿದಳು: ಮಗು. ಎದೆಯ ಮೇಲೆ ಅಂಗೈ: ಉಸಿರು. ಮೂಗಿನಿಂದ ಏನನ್ನೋ ಎಳೆದು ಪಕ್ಕಕ್ಕೆ ಎಸೆದಳು: ನಳಿಗೆ ತೆಗೆದರು. ಆಮೇಲೆ ಬಲಗೈ ಎತ್ತಿ ಮುಷ್ಟಿ ಕಟ್ಟಿದಳು. ಮಗಳು ಎಡಗೈಯ ತೋರುಬೆರಳನ್ನು ಆ ಮುಷ್ಟಿಯೊಳಗೆ ತೂರಿಸಿದಳು, ಎಳೆದಳು, ಮುಷ್ಟಿ ಬೆರಳನ್ನು ಬಿಡಲಿಲ್ಲ. ಎಳೆದಳು, ಬಿಡಲಿಲ್ಲ. ಎಳೆಯುತ್ತ ಎಳೆಯುತ್ತ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಬೆರಳು ಹಿಡ್ಕೊಂಡಿದೆಯಂತೆ," ಎಂದ ಬಡಗಿ. "ಮಗು ಇವಳ ಬೆರಳು ಹಿಡ್ಕೊಂಡು ಬಿಡ್ತಾನೇ ಇಲ್ವಂತೆ. ಬೆಳಿಗ್ಗೆ ನಳಿಗೆ ತೆಗೆದ್ರಂತೆ. ತಾನೇ ಉಸಿರಾಡ್ತಾ ಇದಾನಂತೆ."

ಟೈಲರಮ್ಮ ಮತ್ತೆ ಹೇಳು ಎಂದು ಸನ್ನೆ ಮಾಡಿದಳು. ಮಗಳು ಮತ್ತೆ ಹೇಳಿದಳು. ಇನ್ನೊಂದು ಸಲ ಎಂದಳು. ಮಗಳು ಇನ್ನೊಂದು ಸಲವೂ ಹೇಳಿದಳು. ಅಳಿಯ ಫೋನನ್ನು ಎತ್ತಿಕೊಂಡು ಆಸ್ಪತ್ರೆಯ ಓಣಿಯುದ್ದಕ್ಕೂ ನಡೆದು, ಗಾಜಿನ ಈಚೆಯಿಂದ ತೋರಿಸಿದ. ಬಟ್ಟೆಯ ಟೋಪಿಯೊಳಗೆ ಮುಷ್ಟಿಯಷ್ಟು ಮುಖ, ಹೊಟ್ಟೆ ಬಡಬಡ ಏರಿಳಿಯುತ್ತಿತ್ತು. ಟೈಲರಮ್ಮ ತೆರೆಗೆ ಮೂಗು ತಾಗುವಷ್ಟು ಬಗ್ಗಿ ಆ ಏರಿಳಿತವನ್ನೇ ನೋಡಿದಳು. ಅವಳ ಬೆನ್ನು ನಿಧಾನವಾಗಿ ಸಡಿಲಾಯಿತು. ಹೋದ ಜೀವ ಬರುವುದು ಎಂದರೆ ಹೇಗಿರುತ್ತದೆಂದು ಏಣಿ ಅಕ್ಕ ಆವತ್ತು ಕಣ್ಣಾರೆ ಕಂಡಳು.

ಹೆಂಗಸರು ನಾಲ್ವರೂ ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಗಲಗಲ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಗೊಣಗಣ್ಣನೂ, ಏನು ಎತ್ತ ಎಂದು ತಿಳಿಯದೆ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಸಮೇತ ಎರಡೂ ಕೈ ಎತ್ತಿ ಅಲ್ಲಾಡಿಸಿದ.

ಟೈಲರಮ್ಮ ಎದ್ದು ಮೈದುನನ ಕಡೆ ತಿರುಗಿದಳು. ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ ಒಂದು ಕೈ ಬಿಡಿಸಿಕೊಂಡು ಏನೋ ಹೇಳಿದಳು. ಬಡಗಿ ಮುಖ ಆ ಕಡೆ ತಿರುಗಿಸಿ ಮೂಗೊರೆಸಿಕೊಂಡ.

"ಏನಂದ್ರು?" ಎಂದು ಕೇಳಬಾರದೆಂದುಕೊಂಡರೂ ಏಣಿ ಅಕ್ಕ ಕೇಳಿಬಿಟ್ಟಳು.

"ಈ ಸಲ ನಿನ್ನ ಕೈ ನಿಜಾನೇ ಹೇಳಿತ್ತು, ನಾನೇ ನೋಡ್ಲಿಲ್ಲ, ಅಂದ್ರು."

ಏಣಿ ಅಕ್ಕ ಆಗ ಮಹಡಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಟೈಲರಮ್ಮನೇ ಒಂದು ಲೋಟ ನೀರು ತಂದು ಕೊಟ್ಟು ಅವಳ ಬೆನ್ನು ಸವರಿದಳು. "ತಂತಿ ಭದ್ರ ಮಾಡದೆ ಕೊಟ್ಟದ್ದು ನನ್ನ ತಪ್ಪು, ಅವರಿಗೆ ಹೇಳಿ," ಎಂದಳು ಏಣಿ ಅಕ್ಕ. ಬಡಗಿ ಹೇಳಿದ. ಟೈಲರಮ್ಮ ಮೇಜಿನ ಕಡೆ ಬೆರಳು ಮಾಡಿ, ನಾಲ್ವರು ಹೆಂಗಸರನ್ನೂ ತೋರಿಸಿ, ತನ್ನ ತಲೆಗೇ ಒಂದು ಮೊಟಕಿಕೊಂಡಳು. ತಪ್ಪು ಹಂಚಿಹೋಯಿತು, ಯಾರ ಪಾಲಿಗೂ ಹೆಚ್ಚು ಬರಲಿಲ್ಲ.

ಊಟದ ಹೊತ್ತು ಮೀರಿತ್ತು. ಎಲ್ಲರಿಗೂ ಅಲ್ಲೇ ಊಟವಾಯಿತು. ಟೈಲರಮ್ಮ ಎರಡು ಸಲ ಬಡಿಸಿಕೊಂಡು ಉಂಡಳು. ಆಮೇಲೆ ಇಬ್ಬರೂ ವ್ಯಾನಿನಿಂದ ಹೊಸ ಸುರುಳಿ ತಂದರು. ಜಜ್ಜಿದ ತಂತಿ ಕಿತ್ತು ಬೇರೆ ಎಳೆದರು, ಮುಂದಿನ ಕೋಣೆಗೂ ಒಂದು ತಂತಿ ಎಳೆದು ಮೇಲೆ ವೈಫೈ ಪೆಟ್ಟಿಗೆ ಹಾಕಿದರು, ಕಂಪ್ಯೂಟರನ್ನು ಅದರ ಜಾಗಕ್ಕೆ ಹೊತ್ತು ತಂದರು. ಇನ್ನು ಉಳಿದದ್ದು ಗೋಡೆಯುದ್ದಕ್ಕೂ ಕ್ಲಿಪ್ ಹೊಡೆಯುವುದು. ಏಣಿ ಅಕ್ಕ ಸುತ್ತಿಗೆ ಎತ್ತಿಕೊಂಡು ಕೋಣೆಯೊಳಗೆ ಬಂದರೆ, ಟೈಲರಮ್ಮ ಬಟ್ಟೆಯ ರಾಶಿಗೆ ತಲೆ ಕೊಟ್ಟು ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಅರೆ ತೆರೆದಿತ್ತು. ಕುತ್ತಿಗೆಯ ಟೇಪು ಉಸಿರಿನ ಜೊತೆ ಏರಿಳಿಯುತ್ತಿತ್ತು.

ಗೊಣಗಣ್ಣ ಓಡಿ ಬಂದು ಏಣಿ ಅಕ್ಕನ ಕೈ ಹಿಡಿದ. "ಅಕ್ಕ, ಸದ್ದು ಮಾಡ್ಬೇಡ," ಎಂದು ಪಿಸುಗುಟ್ಟಿದ. "ಮೂರು ದಿನದ ನಿದ್ದೆ ಪಾಪ. ಎಬ್ಬಿಸಬಾರ್ದು. ನಾಳೆ ಬಂದು ಹೊಡೆಯೋಣ."

ಏಣಿ ಅಕ್ಕ ಅವನನ್ನೇ ನೋಡಿದಳು. ಅವನು ಇನ್ನೂ ತುಟಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ. ನಿಂತವನು ನಿಂತ ಹಾಗೆಯೇ ಯೋಚಿಸಿದ. ಬೆರಳು ಮೆಲ್ಲಗೆ ಕೆಳಗಿಳಿಯಿತು.

"ಥೂ," ಎಂದ.

ಬಾಗಿಲಲ್ಲಿ ನಿಂತಿದ್ದ ಬಡಗಿಗೆ ನಗು ತಡೆಯಲಾಗಲಿಲ್ಲ. ಏಣಿ ಅಕ್ಕನೂ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬೆಳಿಗ್ಗೆಯಿಂದ ಎದೆಯಲ್ಲಿ ಬಿಗಿದುಕೊಂಡಿದ್ದದ್ದೆಲ್ಲ ಆ ನಗೆಯಲ್ಲಿ ಹೊರಟುಹೋಯಿತು.

"ಗೋಡೆಗೆ ಎಷ್ಟು ಬೇಕಾದ್ರೂ ಹೊಡೀರಿ," ಎಂದ ಬಡಗಿ. "ನೆಲಕ್ಕೆ ಮಾತ್ರ ಏನೂ ಬೀಳಿಸ್ಬೇಡಿ. ನೆಲ ಅದುರಿದ್ರೆ ಅತ್ತಿಗೆಗೆ ಎಚ್ಚರ ಆಗತ್ತೆ."

ಗೊಣಗಣ್ಣ ಚಪ್ಪಲಿ ಕಳಚಿ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕೇಬಲನ್ನು ಗೋಡೆಗೆ ಒತ್ತಿ ಹಿಡಿದ. ಏಣಿ ಅಕ್ಕ ಮೊದಲ ಕ್ಲಿಪ್ಪು ಇಟ್ಟು ಸುತ್ತಿಗೆ ಬೀಸಿದಳು. ಠಣ್ ಎಂಬ ಸದ್ದಿಗೆ ಗೋದಾಮಿನ ಹೆಂಚಿನ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು. ಟೈಲರಮ್ಮ ಬಟ್ಟೆಯ ರಾಶಿಯಲ್ಲಿ ಇನ್ನಷ್ಟು ಹುದುಗಿ, ಮಗ್ಗುಲು ಬದಲಿಸಿ, ನಿದ್ದೆ ಮುಂದುವರಿಸಿದಳು.